ಮರಿಗಿಂತ ಮೊದಲು ತಾಯಿಯನ್ನು ತೋರಿಸಿದವರು: ಒಂದು ಲ್ಯಾಬ್ರಡಾರ್ ಕೆನೆಲ್‌ನ ವಿಮರ್ಶೆ

ಜಾತಿ ನಾಯಿಯ ಮರಿಗಳನ್ನು ಸಾಕಿ ಕೊಡುವವರ ಸೇವೆಯನ್ನು ವಿಮರ್ಶಿಸುವುದು ಕಷ್ಟದ ಕೆಲಸ. ಎಂಟು ವಾರದ ಲ್ಯಾಬ್ರಡಾರ್ ಮರಿ ಯಾರ ಮನೆಯಿಂದ ಬಂದಿದ್ದರೂ ಮುದ್ದಾಗಿಯೇ ಇರುತ್ತದೆ. ಅದರ ಸೊಂಟದ ಕೀಲು ಮುಂದೆ ಸಡಿಲವಾಗುತ್ತದೆಯೋ, ಕಣ್ಣಿನ ಅಕ್ಷಿಪಟಲ ನಡುವಯಸ್ಸಿನಲ್ಲಿ ಕ್ಷೀಣಿಸುತ್ತದೆಯೋ ಎಂಬುದು ಆ ಹೊತ್ತಿಗೆ ಯಾರ ಕಣ್ಣಿಗೂ ಕಾಣುವಂಥದ್ದಲ್ಲ. ಹೀಗಾಗಿ ಬ್ರೀಡರ್ ಒಬ್ಬರು ಮರಿಯ ಬಗ್ಗೆ ಏನು ಹೇಳುತ್ತಾರೆ ಎಂಬುದಕ್ಕಿಂತ, ಆ ಮರಿಯ ತಂದೆ ತಾಯಿಗಳ ಬಗ್ಗೆ ಏನನ್ನು ಕಾಗದದ ಮೇಲೆ ತೋರಿಸಬಲ್ಲರು ಎಂಬುದನ್ನೇ ನಾನು ಅಳತೆಗೋಲಾಗಿ ಇಟ್ಟುಕೊಂಡೆ. ಈ ವಿಮರ್ಶೆ ಆ ಅಳತೆಗೋಲಿಗೆ ಬಹುಮಟ್ಟಿಗೆ ನಿಂತ, ಕೆಲವು ಕಡೆ ಎಡವಿದ, ಮನೆಯಲ್ಲಿಯೇ ನಡೆಯುವ ಒಂದು ಚಿಕ್ಕ ಕೆನೆಲ್ ಕುರಿತದ್ದು. ಅದನ್ನು ನಡೆಸುವ ಮಹಿಳೆಯ ಹೆಸರನ್ನು ಬರೆಯುತ್ತಿಲ್ಲ. ಅವರಲ್ಲಿ ಕಾಯುವವರ ಪಟ್ಟಿ ಈಗಾಗಲೇ ಉದ್ದವಾಗಿದೆ. ಓದುವವರಿಗೆ ಉಪಯೋಗಕ್ಕೆ ಬರುವುದು ಅವರ ಹೆಸರಲ್ಲ, ಅವರು ಕೆಲಸ ಮಾಡುವ ಕ್ರಮ.

ಮೊದಲ ಮಾತುಕತೆಯಲ್ಲಿ ಪ್ರಶ್ನೆ ಕೇಳಿದವರು ಹೆಚ್ಚಾಗಿ ಅವರೇ. ಹಗಲು ಹೊತ್ತು ಮನೆಯಲ್ಲಿ ಯಾರಿರುತ್ತಾರೆ, ಹಿಂದೆ ನಾಯಿ ಸಾಕಿದ್ದರೆ ಅದು ಎಷ್ಟು ಕಾಲ ಬದುಕಿತು ಮತ್ತು ಯಾವುದರಿಂದ ಸತ್ತಿತು, ಲ್ಯಾಬ್ರಡಾರನ್ನೇ ಏಕೆ ಬಯಸುತ್ತೀರಿ, ದಿನವೂ ಒಂದು ಗಂಟೆಗೂ ಮೀರಿ ಓಡಾಡಿಸುವ ಶಕ್ತಿ ಮತ್ತು ಬಿಡುವು ಯಾರಿಗಿದೆ ಎಂದು ಒಂದೊಂದಾಗಿ ವಿಚಾರಿಸಿದರು. ಕೆಲವರಿಗೆ ಇದು ಅಧಿಕಪ್ರಸಂಗವೆನಿಸಬಹುದು; ನನಗೆ ಇದೇ ಮೊದಲ ಒಳ್ಳೆಯ ಲಕ್ಷಣವಾಗಿ ಕಂಡಿತು. ಕೊನೆಯಲ್ಲಿ ಅವರು ಹೇಳಿದ್ದು ಇಷ್ಟೆ: "ಈಗ ನನ್ನಲ್ಲಿ ಮರಿಗಳಿಲ್ಲ. ನೀವು ಕಾಯುವುದಾದರೆ ಹೆಸರು ಬರೆದುಕೊಳ್ಳುತ್ತೇನೆ, ಮುಂಗಡ ಬೇಡ."

ಕಾಯಬೇಕಾಗುವುದು ಏಕೆ ಎಂಬುದನ್ನು ಒಮ್ಮೆ ಲೆಕ್ಕ ಹಾಕಿ ನೋಡಿದರೆ ಮಾರುಕಟ್ಟೆಯ ಅರ್ಧ ಗುಟ್ಟು ತಿಳಿಯುತ್ತದೆ. ಹೆಣ್ಣುನಾಯಿ ಸಾಮಾನ್ಯವಾಗಿ ಆರೇಳು ತಿಂಗಳಿಗೊಮ್ಮೆ ಬೆದೆಗೆ ಬರುತ್ತದೆ, ಗರ್ಭದ ಅವಧಿ ಸುಮಾರು 63 ದಿನ, ಮರಿಗಳು ತಾಯಿಯ ಬಳಿ ಕನಿಷ್ಠ ಎಂಟು ವಾರ ಇರಬೇಕು, ಪ್ರತಿ ಬೆದೆಗೂ ಮರಿ ಹಾಕಿಸಿದರೆ ತಾಯಿ ಸೊರಗುತ್ತದೆ. ಎರಡು ಮೂರು ಹೆಣ್ಣುನಾಯಿಗಳಿರುವ ಮನೆಯಲ್ಲಿ ವರ್ಷದ ಬಹುಪಾಲು ಮರಿಗಳೇ ಇರುವುದಿಲ್ಲ ಎಂಬುದು ಇದರ ನೇರ ಫಲ. ಹೀಗಿರುವಾಗ ಯಾವ ತಿಂಗಳು ವಿಚಾರಿಸಿದರೂ, ಯಾವ ತಳಿಯನ್ನು ಕೇಳಿದರೂ "ಇದೆ, ಇವತ್ತೇ ಬನ್ನಿ, ಇಲ್ಲವಾದರೆ ಬೇರೆಯವರು ಒಯ್ಯುತ್ತಾರೆ" ಎನ್ನುವವರು ಮರಿಗಳನ್ನು ಬೆಳೆಸುವವರಲ್ಲ. ಎಲ್ಲಿಂದಲೋ ತರಿಸಿ ದಾಟಿಸುವ ದಲ್ಲಾಳಿಗಳು. ಹುಡುಕಾಟದ ಆರಂಭದಲ್ಲಿ ಅಂಥ ಒಬ್ಬರೊಂದಿಗೂ ಮಾತನಾಡಿದ್ದೆ. ತಾಯಿನಾಯಿಯನ್ನು ನೋಡಬಹುದೇ ಎಂದು ಕೇಳಿದ್ದಕ್ಕೆ ಅದು ತೋಟದಲ್ಲಿದೆ ಎಂದರು, ಮರುದಿನ ಸಂಬಂಧಿಕರ ಮನೆಯಲ್ಲಿದೆ ಎಂದರು, ಆಮೇಲೆ ಕರೆ ಸ್ವೀಕರಿಸುವುದನ್ನೇ ನಿಲ್ಲಿಸಿದರು.

ಇನ್ನು ಕಾಗದಪತ್ರಗಳ ವಿಚಾರ. ನೋಂದಣಿ ಪತ್ರ ಇದ್ದರೆ ಎಲ್ಲವೂ ಸರಿಯಿದೆ ಎಂಬ ನಂಬಿಕೆ ಬಲವಾಗಿ ಬೇರೂರಿದೆ. ನಾಯಿಗಳ ವಂಶಾವಳಿಯನ್ನು ದಾಖಲಿಸುವ ಸಂಸ್ಥೆಗಳು ಹಳೆಯವು: ಲಂಡನ್ನಿನ ಕೆನೆಲ್ ಕ್ಲಬ್ 1873ರಲ್ಲಿ, ಅಮೆರಿಕನ್ ಕೆನೆಲ್ ಕ್ಲಬ್ 1884ರಲ್ಲಿ, ಹಲವು ದೇಶಗಳ ಸಂಘಗಳನ್ನು ಒಟ್ಟುಗೂಡಿಸುವ ಎಫ್‌ಸಿಐ 1911ರಲ್ಲಿ ಹುಟ್ಟಿದವು. ಆದರೆ ನೋಂದಣಿಯಿಂದ ತಿಳಿಯುವುದು ಈ ಮರಿಯ ತಂದೆ ತಾಯಿಗಳೂ ಅದೇ ತಳಿಯೆಂದು ದಾಖಲಾಗಿವೆ ಎಂಬುದು ಮಾತ್ರ; ಆರೋಗ್ಯಕ್ಕಾಗಲೀ ಗುಣಮಟ್ಟಕ್ಕಾಗಲೀ ಅದು ಜಾಮೀನಲ್ಲ ಎಂದು ಅಮೆರಿಕನ್ ಕೆನೆಲ್ ಕ್ಲಬ್ ತಾನೇ ಹೇಳುತ್ತದೆ. ಈ ಬ್ರೀಡರ್ ಕೊಟ್ಟ ಪೆಡಿಗ್ರೀ ಪತ್ರದಲ್ಲಿ ಐದು ತಲೆಮಾರುಗಳ ಹೆಸರುಗಳಿದ್ದವು. ಅದಕ್ಕಿಂತ ನನಗೆ ಮೆಚ್ಚುಗೆಯಾದದ್ದು ಅದರ ಅಂಚಿನಲ್ಲಿ ಅವರು ಪೆನ್ಸಿಲ್‌ನಿಂದ ಬರೆದಿಟ್ಟಿದ್ದ ಒಳಸಂತಾನದ ಪ್ರಮಾಣ, ಅಂದರೆ ತಂದೆ ತಾಯಿಗಳು ಎಷ್ಟು ಹತ್ತಿರದ ರಕ್ತಸಂಬಂಧಿಗಳು ಎಂಬುದರ ಅಳತೆ. ಒಡಹುಟ್ಟಿದ ಎರಡು ನಾಯಿಗಳನ್ನು ಕೂಡಿಸಿದರೆ ಅದು ಶೇ. 25, ತಂದೆ ಅಥವಾ ತಾಯಿ ಮಾತ್ರ ಒಂದಾಗಿದ್ದರೆ ಶೇ. 12.5, ಒಡಹುಟ್ಟಿದವುಗಳ ಮಕ್ಕಳನ್ನು ಕೂಡಿಸಿದರೆ ಶೇ. 6.25. ಅವರು ಬರೆದಿದ್ದ ಅಂಕಿ ಈ ಕೊನೆಯದಕ್ಕಿಂತಲೂ ಕಡಿಮೆಯಿತ್ತು. ಹತ್ತಿರದ ಹೆಸರಾಂತ ಗಂಡುನಾಯಿಯನ್ನು ಬಿಟ್ಟು ದೂರದ, ಅಷ್ಟೇನೂ ಪ್ರಶಸ್ತಿಗಳಿಲ್ಲದ ಗಂಡನ್ನು ಆರಿಸಿದ್ದಕ್ಕೆ ಕಾರಣವೂ ಇದೇ ಎಂದು ಅವರು ವಿವರಿಸಿದರು. ವಂಶಾವಳಿಯಲ್ಲಿ ಚಾಂಪಿಯನ್ ಎಂಬ ಬಿರುದು ಎಷ್ಟು ಸಲ ಬಂದಿದೆ ಎಂದು ಎಣಿಸುವವರು ಅದೇ ಒಂದು ಹೆಸರು ಎಷ್ಟು ಸಲ ಬಂದಿದೆ ಎಂಬುದನ್ನೂ ಎಣಿಸುವುದು ಒಳ್ಳೆಯದು.

ಲ್ಯಾಬ್ರಡಾರ್ ವಿಷಯದಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು ಸೊಂಟ ಮತ್ತು ಮೊಣಕೈ ಕೀಲುಗಳು. ಹಿಪ್ ಡಿಸ್‌ಪ್ಲೇಸಿಯಾ ಎಂದು ಕರೆಯುವ ತೊಂದರೆಯಲ್ಲಿ ತೊಡೆಯ ಮೂಳೆಯ ಗುಂಡು ತನ್ನ ಗುಳಿಯಲ್ಲಿ ಸರಿಯಾಗಿ ಕೂರದೆ ಅಲುಗಾಡುತ್ತದೆ, ಕಾಲಕ್ರಮೇಣ ಕೀಲು ಸವೆದು ಸಂಧಿವಾತಕ್ಕೆ ತಿರುಗುತ್ತದೆ. ಇದು ಒಂದೇ ಜೀನ್‌ನಿಂದ ಬರುವ ರೋಗವಲ್ಲ. ಅನೇಕ ಜೀನ್‌ಗಳ ಜೊತೆಗೆ ಮರಿಯ ತೂಕ, ಆಹಾರ, ಓಡಾಟಗಳೂ ಸೇರುತ್ತವೆ. ಹಾಗಾಗಿ ಇದಕ್ಕೆ ರಕ್ತಪರೀಕ್ಷೆಯ ಸುಲಭ ದಾರಿಯಿಲ್ಲ, ಎಕ್ಸ್‌ರೇ ತೆಗೆಸಲೇಬೇಕು. ಬ್ರಿಟನ್ನಿನ ಪಶುವೈದ್ಯರ ಸಂಘ ಮತ್ತು ಕೆನೆಲ್ ಕ್ಲಬ್ ನಡೆಸುವ ಪದ್ಧತಿಯಲ್ಲಿ ನಾಯಿಗೆ ಒಂದು ವರ್ಷ ತುಂಬಿದ ಮೇಲೆ ಎಕ್ಸ್‌ರೇ ತೆಗೆದು, ಪ್ರತಿ ಕೀಲಿನಲ್ಲಿ ಒಂಬತ್ತು ಅಂಶಗಳನ್ನು ನೋಡಿ ಒಂದೊಂದು ಬದಿಗೆ 0ಯಿಂದ 53ರವರೆಗೆ ಅಂಕ ಕೊಡುತ್ತಾರೆ. ಎರಡೂ ಸೇರಿ 106 ಆದರೆ ಅದು ಅತ್ಯಂತ ಕೆಟ್ಟ ಸೊಂಟ. ಅಂಕ ಕಡಿಮೆಯಾದಷ್ಟೂ ಒಳ್ಳೆಯದು. ಅಮೆರಿಕದ ಓಎಫ್‌ಎ ಸಂಸ್ಥೆ ಎರಡು ವರ್ಷ ತುಂಬುವವರೆಗೆ ಅಂತಿಮ ದರ್ಜೆಯನ್ನೇ ಕೊಡುವುದಿಲ್ಲ. ಎಫ್‌ಸಿಐ ಪದ್ಧತಿಯಲ್ಲಿ ಎ ಯಿಂದ ಇ ವರೆಗೆ ಅಕ್ಷರಗಳಿವೆ, ಎ ಎಂದರೆ ಅತ್ಯುತ್ತಮ. ಮರಿ ಕೊಳ್ಳಲು ಹೋಗುವವರು ಇದಿಷ್ಟನ್ನೂ ಬಾಯಿಪಾಠ ಮಾಡಬೇಕಿಲ್ಲ. ಆದರೆ ತಾಯಿನಾಯಿ ಮೊದಲ ಸಲ ಮರಿ ಹಾಕಿದಾಗ ಅದರ ವಯಸ್ಸೆಷ್ಟು ಎಂದು ಕೇಳಿದರೆ ಸಾಕು, ಎಕ್ಸ್‌ರೇ ತೆಗೆಸಿಯೇ ಗಂಡಿನ ಬಳಿ ಬಿಟ್ಟರೋ ಇಲ್ಲವೋ ಎಂಬ ಉತ್ತರ ಬಹಳ ಸಲ ಅಲ್ಲಿಯೇ ಸಿಗುತ್ತದೆ.

ಈ ಮನೆಯಲ್ಲಿ ಅವರು ತಾಯಿನಾಯಿಯ ಅಂಕಪತ್ರದ ಜೊತೆಗೆ ಎಕ್ಸ್‌ರೇಯನ್ನೇ ತಂದು ಕಿಟಕಿಯ ಬೆಳಕಿಗೆ ಹಿಡಿದು ತೋರಿಸಿದರು. ಎಡಗಡೆ ಐದು, ಬಲಗಡೆ ಆರು. ಬಲಗಡೆಯ ಗುಳಿಯ ಅಂಚು ಎಡಗಡೆಯದಕ್ಕಿಂತ ಒಂದು ಗೆರೆಯಷ್ಟು ಚಪ್ಪಟೆಯಾಗಿದ್ದುದನ್ನು ಬೆರಳಿಟ್ಟು ತೋರಿಸಿ, ಹೆಚ್ಚಿನ ಒಂದು ಅಂಕ ಬಂದದ್ದು ಇಲ್ಲಿಗೆ ಎಂದರು. ತಮ್ಮ ನಾಯಿಯ ಕೊರತೆಯನ್ನು ಕೊಳ್ಳುವವರಿಗೆ ತಾವೇ ತೋರಿಸುವವರು ಅಪರೂಪ. ಪತ್ರದ ಮೇಲಿದ್ದ ಮೈಕ್ರೋಚಿಪ್ ಸಂಖ್ಯೆಯ ಹದಿನೈದು ಅಂಕಿಗಳನ್ನು ಓದಿಸಿ, ನಾಯಿಯ ಹೆಗಲ ಮೇಲೆ ಸ್ಕ್ಯಾನರ್ ಆಡಿಸಿ, ಎರಡೂ ಒಂದೇ ಎಂಬುದನ್ನು ಖಾತ್ರಿಪಡಿಸಿದರು. ಇದನ್ನು ನಾನು ಕೇಳಿರಲಿಲ್ಲ, ಕೇಳಬೇಕೆಂದು ಹೊಳೆದೂ ಇರಲಿಲ್ಲ. ಬೇರೆ ನಾಯಿಯ ವರದಿಯನ್ನು ತೋರಿಸಿ ವ್ಯಾಪಾರ ಮುಗಿಸುವುದು ಎಷ್ಟು ಸುಲಭ ಎಂಬುದು ಆಗಲೇ ಅರ್ಥವಾಯಿತು.

ಜೀನ್ ಪರೀಕ್ಷೆಗಳ ಕಡತವೂ ಅಚ್ಚುಕಟ್ಟಾಗಿತ್ತು. ನಿಧಾನವಾಗಿ ಕುರುಡುತನಕ್ಕೆ ಒಯ್ಯುವ ಪಿಆರ್‌ಎ, ಬಿರುಸಿನ ಓಟದ ನಂತರ ಹಿಂಗಾಲುಗಳು ಕುಸಿಯುವ ಇಐಸಿ, ಸ್ನಾಯುಗಳು ಕ್ಷೀಣಿಸುವ ಸಿಎನ್‌ಎಂ, ಈ ಮೂರೂ ಲ್ಯಾಬ್ರಡಾರ್‌ಗಳಲ್ಲಿ ಕಂಡುಬರುತ್ತವೆ. ಮೂರಕ್ಕೂ ಡಿಎನ್‌ಎ ಪರೀಕ್ಷೆಗಳಿವೆ. ಫಲಿತಾಂಶದಲ್ಲಿ ನಾಯಿ ದೋಷಮುಕ್ತವೋ, ವಾಹಕವೋ (ತನಗೆ ರೋಗವಿಲ್ಲದಿದ್ದರೂ ದೋಷದ ಜೀನ್‌ನ ಒಂದು ಪ್ರತಿಯನ್ನು ಹೊತ್ತದ್ದು), ರೋಗಪೀಡಿತವೋ ಎಂದಿರುತ್ತದೆ. ತಾಯಿನಾಯಿ ಇಐಸಿಗೆ ವಾಹಕವಾಗಿತ್ತು, ಗಂಡು ದೋಷಮುಕ್ತವಾಗಿತ್ತು. ಇಲ್ಲಿ ಅನೇಕರು ಗಾಬರಿಯಾಗಿ ಹಿಂದೆ ಸರಿಯುತ್ತಾರೆ, ಅದು ಅನಗತ್ಯ. ಇಬ್ಬರಲ್ಲಿ ಒಬ್ಬರು ದೋಷಮುಕ್ತರಾಗಿದ್ದರೆ ಯಾವ ಮರಿಗೂ ರೋಗ ಬರುವುದಿಲ್ಲ, ಕೆಲವು ಮರಿಗಳು ವಾಹಕಗಳಾಗುತ್ತವೆ ಅಷ್ಟೆ; ಎರಡು ವಾಹಕಗಳನ್ನು ಕೂಡಿಸಿದಾಗ ಮಾತ್ರ ಪ್ರತಿ ಮರಿಗೂ ನಾಲ್ಕರಲ್ಲಿ ಒಂದರಷ್ಟು ಅಪಾಯ. ವಾಹಕಗಳನ್ನೆಲ್ಲ ಸಂತಾನಕ್ಕೆ ಬಿಡದೆ ತೆಗೆದುಹಾಕುತ್ತಾ ಹೋದರೆ ಮೊದಲೇ ಕಿರಿದಾಗಿರುವ ತಳಿಯ ಬಳಗ ಇನ್ನಷ್ಟು ಕಿರಿದಾಗುತ್ತದೆ. ಎಲ್ಲವೂ ದೋಷಮುಕ್ತವೆಂದು ಜಾಹೀರಾತು ಮಾಡುವವರಿಗಿಂತ, ಇದು ವಾಹಕ, ಆದ್ದರಿಂದ ಇಂಥ ಗಂಡನ್ನೇ ಆರಿಸಿದೆ ಎಂದು ವಿವರಿಸುವವರ ಮೇಲೆ ನನಗೆ ಹೆಚ್ಚು ವಿಶ್ವಾಸ.

ಮಾರುವವರು ಬಹಳವಾಗಿ ಬಳಸುವ ಒಂದು ಮಾತೆಂದರೆ "ಪಶುವೈದ್ಯರು ನೋಡಿದ್ದಾರೆ" ಎಂಬುದು. ವೈದ್ಯರು ಎಂಟು ವಾರದ ಮರಿಯಲ್ಲಿ ಹೃದಯದ ಮರ್ಮರ, ಹೊಕ್ಕುಳಿನ ಹರ್ನಿಯಾ, ಸೀಳಿದ ಅಂಗುಳ, ಕಿವಿ ಚರ್ಮದ ಸೋಂಕುಗಳನ್ನು ಗುರುತಿಸಬಲ್ಲರು. ಆದರೆ ಈ ಹಿಂದೆ ಹೇಳಿದ ಸೊಂಟದ ಮತ್ತು ಜೀನ್‌ಗಳ ತೊಂದರೆಗಳಲ್ಲಿ ಒಂದನ್ನೂ ಗುರುತಿಸಲಾರರು. ಆ ತಪಾಸಣೆ ಬೇಕು, ಆದರೆ ತಂದೆ ತಾಯಿಗಳ ಪರೀಕ್ಷೆಯ ಜಾಗದಲ್ಲಿ ಅದನ್ನು ನಿಲ್ಲಿಸುವಂತಿಲ್ಲ. ಲ್ಯಾಬ್ರಡಾರ್ ಬಿಟ್ಟು ಬೇರೆ ತಳಿಯನ್ನು ಬಯಸುವವರು ಕೇಳಬೇಕಾದ ಪತ್ರಗಳೂ ಬೇರೆ. ಡಾಬರ್‌ಮನ್ ಆದರೆ ಹೃದಯದ ಸ್ನಾಯು ಹಿಗ್ಗುವ ಕಾಯಿಲೆಗಾಗಿ 24 ಗಂಟೆಯ ಹೃದಯಬಡಿತವನ್ನು ದಾಖಲಿಸುವ ಹೋಲ್ಟರ್ ವರದಿ, ಡಾಲ್ಮೇಶಿಯನ್ ಆದರೆ ಎರಡೂ ಕಿವಿಗಳ ಶ್ರವಣ ಪರೀಕ್ಷೆ, ಕ್ಯಾವಲಿಯರ್ ಆದರೆ ಹೃದಯದ ಕವಾಟ ಮತ್ತು ಮೆದುಳಿನ ಎಂಆರ್‌ಐ, ಕಾಲಿ ಆದರೆ ಕೆಲವು ಔಷಧಿಗಳು ಮೈಗೆ ಒಗ್ಗದಂತೆ ಮಾಡುವ ಎಂಡಿಆರ್1 ಪರೀಕ್ಷೆ. ಪಗ್, ಬುಲ್‌ಡಾಗ್, ಫ್ರೆಂಚ್ ಬುಲ್‌ಡಾಗ್‌ಗಳಂಥ ಚಪ್ಪಟೆ ಮೂತಿಯ ತಳಿಗಳಿಗೆ ಉಸಿರಾಟವನ್ನು 0ಯಿಂದ 3ರವರೆಗೆ ದರ್ಜೆ ಕಟ್ಟುವ ಪರೀಕ್ಷೆಯನ್ನು ಕೇಂಬ್ರಿಡ್ಜ್ ವಿಶ್ವವಿದ್ಯಾಲಯ ಮತ್ತು ಕೆನೆಲ್ ಕ್ಲಬ್ ರೂಪಿಸಿವೆ. ಮೂರು ನಿಮಿಷ ಚುರುಕಾಗಿ ನಡೆಸಿದ ಮೇಲೆ ನಾಯಿ ಹೇಗೆ ಉಸಿರಾಡುತ್ತದೆ ಎಂಬುದನ್ನು ಸ್ಟೆತೊಸ್ಕೋಪ್ ಹಿಡಿದು ಕೇಳುತ್ತಾರೆ. ಗೊರಕೆಯನ್ನು "ಈ ತಳಿಗೆ ಅದು ಸಹಜ" ಎಂದು ತೇಲಿಸಿಬಿಡುವ ಬ್ರೀಡರ್ ಎದುರಾದರೆ ಅಲ್ಲಿಂದ ಎದ್ದು ಬರುವುದೇ ಸರಿ.

ಮರಿಗಳನ್ನು ನೋಡಲು ಕರೆದದ್ದು ಅವು ಹುಟ್ಟಿ ಒಂದು ತಿಂಗಳಾದ ಮೇಲೆ. ಅವರು ಮೊದಲು ಬಾಗಿಲು ತೆರೆದದ್ದು ಮರಿಗಳ ಕೋಣೆಗಲ್ಲ. ತಾಯಿನಾಯಿಯನ್ನು ಹೊರಗೆ ಬಿಟ್ಟು ನಮ್ಮೊಂದಿಗೆ ಕೂರಿಸಿದರು. ಬಾಣಂತಿ ನಾಯಿ ಸ್ವಲ್ಪ ಬಿಗುವಾಗಿ ಇರಬಹುದೆಂದು ಭಾವಿಸಿದ್ದೆ. ಅದು ಬಂದು ಕೈ ಮೂಸಿ, ಒಂದು ಸುತ್ತು ಹಾಕಿ, ಯಜಮಾನಿಯ ಮುಖ ನೋಡಿ, ನನ್ನ ಪಾದದ ಮೇಲೆಯೇ ಒರಗಿ ಮಲಗಿತು. ನೂಲಿನಂತೆ ಸೀರೆ, ತಾಯಿಯಂತೆ ಮಗಳು ಎಂಬ ಗಾದೆ ನಾಯಿಗಳ ಮಟ್ಟಿಗೆ ಎರಡು ರೀತಿಯಲ್ಲಿ ನಿಜ: ಅಂಜುಬುರುಕುತನ ಒಂದಷ್ಟು ರಕ್ತದಲ್ಲಿ ಬರುತ್ತದೆ, ಇನ್ನೊಂದಷ್ಟನ್ನು ಮರಿಗಳು ತಾಯಿಯನ್ನು ನೋಡಿ ಕಲಿಯುತ್ತವೆ. ತಾಯಿಯನ್ನು ಕಾಣದೆ ಮರಿಯನ್ನು ಒಯ್ಯುವುದೆಂದರೆ ಈ ಎರಡನ್ನೂ ಕಣ್ಣು ಮುಚ್ಚಿ ಒಪ್ಪಿಕೊಂಡಂತೆ. ಇಂಗ್ಲೆಂಡಿನಲ್ಲಿ 2020ರ ಏಪ್ರಿಲ್‌ನಲ್ಲಿ ಜಾರಿಗೆ ಬಂದ ಲೂಸಿ ಕಾನೂನು ಆರು ತಿಂಗಳೊಳಗಿನ ಮರಿಗಳನ್ನು ಮೂರನೆಯವರು ಮಾರುವಂತಿಲ್ಲ ಎಂದು ನಿಷೇಧಿಸಿತು. ಅಲ್ಲಿ ಮರಿ ಬೇಕಾದವರು ಅದನ್ನು ಬೆಳೆಸಿದವರ ಬಳಿಯೇ ಹೋಗಬೇಕು, ಇಲ್ಲವೇ ಆಶ್ರಯ ಕೇಂದ್ರದಿಂದ ದತ್ತು ಪಡೆಯಬೇಕು. ಆ ಕಾನೂನಿಗೆ ಹೆಸರು ಕೊಟ್ಟ ಲೂಸಿ ಎಂಬ ಕ್ಯಾವಲಿಯರ್ ನಾಯಿಯನ್ನು ಒಂದು ಮರಿ ಉತ್ಪಾದನಾ ಕೇಂದ್ರದಿಂದ ಬಿಡಿಸಿ ತರಲಾಗಿತ್ತು. ಗೂಡಿನಲ್ಲಿಯೇ ಇಟ್ಟು ಮತ್ತೆ ಮತ್ತೆ ಮರಿ ಹಾಕಿಸಿದ್ದರಿಂದ ಅದರ ಬೆನ್ನು ಬಾಗಿಹೋಗಿತ್ತು.

ಹೆರಿಗೆಯ ಪೆಟ್ಟಿಗೆಯನ್ನು ಅವರು ಇನ್ನೂ ತೆಗೆದಿರಲಿಲ್ಲ. ಅದರ ಒಳಗೋಡೆಯ ಸುತ್ತ, ನೆಲದಿಂದ ಒಂದು ಗೇಣಿನಷ್ಟು ಮೇಲೆ, ಮರದ ಅಡ್ಡಪಟ್ಟಿ ಹೊಡೆದಿದ್ದರು. ತಾಯಿ ಗೋಡೆಗೆ ಒರಗಿ ಮಲಗಿದಾಗ ಬೆನ್ನ ಹಿಂದೆ ಸಿಕ್ಕಿಕೊಂಡ ಮರಿ ಅಪ್ಪಚ್ಚಿಯಾಗದೆ ಆ ಪಟ್ಟಿಯ ಕೆಳಗೆ ಉಳಿಯುತ್ತದೆ. ಪಕ್ಕದಲ್ಲಿ ನೇತುಹಾಕಿದ್ದ ನೋಟುಬುಕ್ಕಿನಲ್ಲಿ ಪ್ರತಿ ಮರಿಯ ಕೊರಳ ಪಟ್ಟಿಯ ಬಣ್ಣದ ಹೆಸರಿನಲ್ಲಿ ಒಂದೊಂದು ಕಂಬಸಾಲು, ಮೊದಲ ಎರಡು ವಾರ ದಿನಕ್ಕೆರಡು ಸಲದ ತೂಕ. ಹಸಿರು ಪಟ್ಟಿಯ ಮರಿ ಮೂರನೆಯ ದಿನ ತೂಕ ಕಳೆದುಕೊಂಡಿತ್ತು; ಅಲ್ಲಿಂದ ಮುಂದೆ ಆ ಸಾಲಿನಲ್ಲಿ ರಾತ್ರಿಯ ಹೊತ್ತಿನ ಟಿಪ್ಪಣಿಗಳೂ ಇದ್ದವು. ಬ್ರೀಡರ್ ಒಬ್ಬರ ಶ್ರದ್ಧೆಗೆ ಇದಕ್ಕಿಂತ ಬೇರೆ ಸಾಕ್ಷಿ ನನಗೆ ಬೇಕಿರಲಿಲ್ಲ.

ಮೂರನೆಯ ವಾರದಿಂದ ಸುಮಾರು ಹದಿನಾಲ್ಕನೆಯ ವಾರದವರೆಗಿನ ಕಾಲ ಮರಿಯ ಸ್ವಭಾವ ರೂಪುಗೊಳ್ಳುವ ಕಾಲ. ಆ ಅವಧಿಯಲ್ಲಿ ಒಳ್ಳೆಯ ರೀತಿಯಲ್ಲಿ ಪರಿಚಯವಾದ ಮನುಷ್ಯರು, ಸದ್ದುಗಳು, ನೆಲಗಳು ಮುಂದೆ ಹೆದರಿಕೆ ಹುಟ್ಟಿಸುವುದಿಲ್ಲ. ಅದರ ಅರ್ಧದಷ್ಟು ಬ್ರೀಡರ್ ಮನೆಯಲ್ಲಿಯೇ ಕಳೆದುಹೋಗುವುದರಿಂದ ಮರಿಗಳು ಎಲ್ಲಿ ಬೆಳೆದವು ಎಂಬುದು ಅಲಂಕಾರದ ಪ್ರಶ್ನೆಯಲ್ಲ. ಇಲ್ಲಿ ಮರಿಗಳ ಆವರಣ ಅಡುಗೆಮನೆಗೆ ಅಂಟಿಕೊಂಡಿತ್ತು. ಪಾತ್ರೆ ಬಿದ್ದ ಸದ್ದಿಗೆ ತಲೆಯೆತ್ತಿ ನೋಡಿ ಮತ್ತೆ ಆಟಕ್ಕೆ ಮರಳುತ್ತಿದ್ದವು. ಒಂದು ಮೂಲೆಯಲ್ಲಿ ಹುಲ್ಲುಹಾಸಿನ ತುಂಡು, ಇನ್ನೊಂದರಲ್ಲಿ ಕಬ್ಬಿಣದ ಜಾಲರಿ, ನಡುವೆ ತಗ್ಗಾದ ಮೆಟ್ಟಿಲು. ಎಂಟು ವಾರಕ್ಕೆ ಮೊದಲು ಮರಿಯನ್ನು ಕೊಡಲು ಅವರು ಖಡಾಖಂಡಿತವಾಗಿ ಒಪ್ಪಲಿಲ್ಲ. ಅಣ್ಣತಮ್ಮಂದಿರ ಜೊತೆ ಕಚ್ಚಾಡಿ, ಜೋರಾಗಿ ಕಚ್ಚಿದರೆ ಆಟ ನಿಲ್ಲುತ್ತದೆ ಎಂಬುದನ್ನು ಮರಿ ಕಲಿಯುವುದು ಆ ಕೊನೆಯ ವಾರಗಳಲ್ಲಿಯೇ.

ಯಾವ ಮರಿ ಯಾರಿಗೆ ಎಂಬುದನ್ನು ನಿರ್ಧರಿಸುವ ಹಕ್ಕನ್ನು ಅವರು ತಮ್ಮಲ್ಲಿಯೇ ಇಟ್ಟುಕೊಂಡಿದ್ದಾರೆ. ಹಣ ಕೊಡುವವರು ನಾವಾಗಿರುವಾಗ ಇದು ಮೊದಲಿಗೆ ಕಸಿವಿಸಿಯಾಗುತ್ತದೆ; ಆದರೆ ಒಂದು ಗಳಿಗೆ ನೋಡಿ ಹೋಗುವ ನಮಗಿಂತ ಹಗಲಿರುಳು ನೋಡಿದ ಅವರಿಗೆ ಯಾವುದು ಪುಂಡ, ಯಾವುದು ಸಾಧು ಎಂಬುದು ಚೆನ್ನಾಗಿ ಗೊತ್ತಿರುತ್ತದೆ. ಬಣ್ಣದ ಮೇಲೆ ಬೆಲೆ ಏರಿಸುವ ಪದ್ಧತಿ ಅವರಲ್ಲಿಲ್ಲ. ಲ್ಯಾಬ್ರಡಾರ್‌ಗೆ ತಳಿಯ ಮಾನದಂಡದಲ್ಲಿರುವುದು ಕಪ್ಪು, ಹಳದಿ, ಚಾಕೊಲೇಟ್ ಎಂಬ ಮೂರೇ ಬಣ್ಣ. "ಅಪರೂಪದ ಬೆಳ್ಳಿ ಬಣ್ಣ" ಎಂದು ದುಪ್ಪಟ್ಟು ಹೇಳುವವರು ಮಾರುತ್ತಿರುವುದು ಬಣ್ಣವನ್ನು ತೆಳುವಾಗಿಸುವ ಒಂದು ಜೀನನ್ನು, ಕೆಲವು ನಾಯಿಗಳಲ್ಲಿ ಅದರ ಜೊತೆಗೆ ಕೂದಲುದುರುವ ಚರ್ಮದ ತೊಂದರೆಯೂ ಬರುತ್ತದೆ.

ಇನ್ನು ಅತೃಪ್ತಿಗಳು. ಗಂಡುನಾಯಿ ಬೇರೆಯವರದಾದ್ದರಿಂದ ಅದರ ಮೊಣಕೈ ಕೀಲಿನ ವರದಿ ಕಡತದಲ್ಲಿರಲಿಲ್ಲ; ನಾನು ಕೇಳಿದ ಮೇಲೆ ತರಿಸಿದರು, ದರ್ಜೆ ಸೊನ್ನೆ, ಅಂದರೆ ದೋಷವಿಲ್ಲ, ಎಂದೇ ಇತ್ತು, ಆದರೆ ಅದು ಕೇಳದೆಯೇ ಇರಬೇಕಾಗಿದ್ದ ಕಾಗದ. ಸಂದೇಶಗಳಿಗೆ ಉತ್ತರ ಬರುವುದು ತೀರಾ ತಡ. ಕರಾರು ಪತ್ರದಲ್ಲಿ ಆನುವಂಶಿಕ ತೊಂದರೆ ಕಂಡುಬಂದರೆ "ಸೂಕ್ತ ಪರಿಹಾರ" ಎಂದಷ್ಟೇ ಬರೆದಿದ್ದರು. ಶಸ್ತ್ರಚಿಕಿತ್ಸೆಯ ಖರ್ಚೋ, ಹಣ ವಾಪಸ್ಸೋ, ಬೇರೆ ಮರಿಯೋ ಎಂಬುದು ಸ್ಪಷ್ಟವಿರಲಿಲ್ಲ. ಒತ್ತಾಯಿಸಿದ ಮೇಲೆ ಬರೆದುಕೊಟ್ಟರು. ಆರು ತಿಂಗಳೊಳಗೆ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಲೇಬೇಕೆಂಬ ಷರತ್ತಿಗೂ ನಾನು ತಕರಾರು ಎತ್ತಿದೆ. ಎಲುಬು ಬೆಳೆದು ಮುಗಿಯುವ ಮೊದಲೇ ಮಾಡಿಸಿದ ಲ್ಯಾಬ್ರಡಾರ್‌ಗಳಲ್ಲಿ ಕೀಲಿನ ತೊಂದರೆಗಳು ಹೆಚ್ಚು ಎಂದು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕೇಂದ್ರದ ಸಂಶೋಧಕರು 2014ರಲ್ಲಿ ವರದಿ ಮಾಡಿದ್ದಾರೆ. ಸೊಂಟದ ಬಗ್ಗೆ ಇಷ್ಟು ಎಚ್ಚರ ವಹಿಸುವವರು ಈ ಹಳೆಯ ಷರತ್ತನ್ನು ಉಳಿಸಿಕೊಂಡದ್ದು ವಿಚಿತ್ರವೆನಿಸಿತು. ಮಾತುಕತೆಯ ನಂತರ ಗಡುವನ್ನು ಪಶುವೈದ್ಯರ ಸಲಹೆಗೆ ಬಿಟ್ಟರು.

ಅದೇ ಕರಾರಿನಲ್ಲಿ ನನಗೆ ಎಲ್ಲಕ್ಕಿಂತ ಹಿಡಿಸಿದ ಷರತ್ತು, ಯಾವ ಕಾರಣಕ್ಕೆ, ಯಾವ ವಯಸ್ಸಿನಲ್ಲಿ ಸಾಕಲಾಗದಿದ್ದರೂ ನಾಯಿಯನ್ನು ಅವರಿಗೇ ಮರಳಿಸಬೇಕು, ಬೇರೆಯವರಿಗೆ ದಾಟಿಸುವಂತಿಲ್ಲ ಎಂಬುದು. ಹಾಗೆ ಮರಳಿ ಬಂದ ಒಂದು ವಯಸ್ಸಾದ ನಾಯಿ ಅವರ ಅಂಗಳದಲ್ಲಿಯೇ ಇತ್ತು. ಮರಿಯೇ ಬೇಕೆಂಬ ಹಟವಿಲ್ಲದವರು ಇಂಥ ಮರಳಿ ಬಂದ ನಾಯಿಗಳನ್ನೂ, ಸಂತಾನದಿಂದ ನಿವೃತ್ತಿಯಾದ ತಾಯಿನಾಯಿಗಳನ್ನೂ, ಒಂದೇ ತಳಿಗೆಂದು ನಡೆಯುವ ರಕ್ಷಣಾ ಸಂಘಗಳನ್ನೂ ವಿಚಾರಿಸುವುದು ಒಳ್ಳೆಯದು. ಬೆಳೆದ ನಾಯಿಯಾದರೆ ಸ್ವಭಾವವೂ ಸೊಂಟವೂ ಕಣ್ಣ ಮುಂದೆಯೇ ಇರುತ್ತವೆ.

ಮರಿ ಮನೆಗೆ ಬಂದ ಮೇಲಿನ ಸಲಹೆಯಲ್ಲಿ ಅವರು ಪಟ್ಟು ಹಿಡಿದದ್ದು ತೂಕದ ವಿಷಯದಲ್ಲಿ. ಪಕ್ಕೆಲುಬು ಕೈಗೆ ಸಿಗುವಂತಿರಬೇಕು ಎಂದು ಪದೇಪದೇ ಹೇಳುತ್ತಾರೆ. ಅದಕ್ಕೆ ಆಧಾರವಿದೆ. 48 ಲ್ಯಾಬ್ರಡಾರ್‌ಗಳನ್ನು ಜೋಡಿಗಳಾಗಿ ವಿಂಗಡಿಸಿ, ಪ್ರತಿ ಜೋಡಿಯಲ್ಲಿ ಒಂದಕ್ಕೆ ಶೇ. 25ರಷ್ಟು ಕಡಿಮೆ ಆಹಾರ ಕೊಟ್ಟು ಜೀವಮಾನವಿಡೀ ಗಮನಿಸಿದ, 2002ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ತೆಳ್ಳಗಿದ್ದ ನಾಯಿಗಳು ಸುಮಾರು 1.8 ವರ್ಷ ಹೆಚ್ಚು ಬದುಕಿದವು, ಅವುಗಳ ಕೀಲುಗಳೂ ತಡವಾಗಿ ಕೆಟ್ಟವು. ಈ ತಳಿಯ ಹೊಟ್ಟೆಬಾಕತನಕ್ಕೆ ಭಾಗಶಃ ಕಾರಣವಾದ ಜೀನ್ ಬದಲಾವಣೆಯೊಂದನ್ನು ಕೇಂಬ್ರಿಡ್ಜ್‌ನ ಸಂಶೋಧಕರು 2016ರಲ್ಲಿ ಗುರುತಿಸಿದ್ದಾರೆ. ನಮ್ಮ ಮರಿ ಬಟ್ಟಲನ್ನು ನೆಕ್ಕುವ ರಭಸ ನೋಡಿದರೆ ಪರೀಕ್ಷೆ ಮಾಡಿಸುವ ಅಗತ್ಯ ಕಾಣುವುದಿಲ್ಲ.

ಅವಸರವಿರುವವರಿಗೆ, ಇಂಥದೇ ಬಣ್ಣ ಬೇಕೆನ್ನುವವರಿಗೆ, ಪ್ರಶ್ನೆ ಕೇಳಿದರೆ ಸಿಡಿಮಿಡಿಗೊಳ್ಳುವವರಿಗೆ ಈ ಕೆನೆಲ್ ಹೊಂದುವುದಿಲ್ಲ. ಉಳಿದವರಿಗೆ, ಕರಾರನ್ನು ಸಹಿಗೆ ಮೊದಲು ಸಾಲುಸಾಲಾಗಿ ಓದಿ ತಿದ್ದಿಸಿಕೊಳ್ಳುವ ಷರತ್ತಿನ ಮೇಲೆ, ಇಲ್ಲಿಗೆ ಹೋಗಿ ಎಂದು ಧೈರ್ಯವಾಗಿ ಹೇಳಬಲ್ಲೆ. ಐದಕ್ಕೆ ನಾಲ್ಕು ಅಂಕ. ಕಳೆದ ಒಂದು ಅಂಕ ಗಂಡಿನ ವರದಿ ಮತ್ತು ಕರಾರಿನ ಸಡಿಲ ಭಾಷೆಗೆ. ನಮ್ಮ ಮರಿಗೆ ವರ್ಷ ತುಂಬಿದ ಮೇಲೆ ಅದರ ಸೊಂಟದ ಎಕ್ಸ್‌ರೇ ತೆಗೆಸಿ, ಅಂಕ ಒಳ್ಳೆಯದಿರಲಿ ಕೆಟ್ಟದಿರಲಿ, ತಮಗೆ ತಿಳಿಸಬೇಕೆಂದು ಅವರು ಕೇಳಿಕೊಂಡಿದ್ದಾರೆ. ಆ ತಾಯಿಯನ್ನು ಮತ್ತೊಮ್ಮೆ ಸೂಲಿಗೆ ಬಿಡಬೇಕೋ ಬೇಡವೋ ಎಂಬುದನ್ನು ಈ ಸೂಲಿನ ಎಲ್ಲ ಮರಿಗಳ ಅಂಕಗಳನ್ನು ನೋಡಿಯೇ ತೀರ್ಮಾನಿಸುತ್ತಾರಂತೆ. ಎಕ್ಸ್‌ರೇ ಇನ್ನೂ ಆಗಬೇಕಿದೆ. ವರದಿ ಬಂದ ಮೇಲೆ ಈ ಅಂಕವನ್ನು ಏರಿಸಬೇಕೋ ಇಳಿಸಬೇಕೋ ನೋಡುತ್ತೇನೆ.